ಒಂದು ಗೋಡೆ, ಅರವತ್ತಾರು ದಿನ

ನಮ್ಮ ಮನೆಯ ನಡುಹಾದಿಯ ಒಂದು ಗೋಡೆಗೆ ಬಣ್ಣ ಹೊಡೆಯಲು ಅರವತ್ತಾರು ದಿನ ಹಿಡಿಯಿತು. ಬಣ್ಣದ ರೋಲರ್ ಕೈಯಲ್ಲಿದ್ದದ್ದು ಅದರಲ್ಲಿ ನಾಲ್ಕೇ ರಾತ್ರಿ. ಉಳಿದ ಅರವತ್ತೆರಡು ದಿನ ಏನು ಮಾಡಿದೆ ಎಂದು ಯಾರು ಕೇಳಿದರೂ ಬಾಯಿಮಾತಿನಲ್ಲಿ ಹೇಳಿ ಮುಗಿಸಲು ಆಗುತ್ತಿಲ್ಲ. ಅದಕ್ಕೇ ದಿನಚರಿಯ ಪುಟಗಳನ್ನು ಹೀಗೆ ಇಳಿಸಿಡುತ್ತಿದ್ದೇನೆ.

ಮನೆಯಲ್ಲಿ ಒಂಬತ್ತು ಜನ. ನಾವಿಬ್ಬರು, ಅತ್ತೆ, ಆರು ಮಕ್ಕಳು. ದೊಡ್ಡವಳಿಗೆ 14, ಎರಡನೆಯವನಿಗೆ 12, ಅವಳಿ ಹುಡುಗರಿಗೆ 9, ಐದನೆಯವಳಿಗೆ 6, ಕೊನೆಯವನಿಗೆ 3. ಗೋಡೆಯ ಉದ್ದ 5.2 ಮೀಟರ್, ಎತ್ತರ 2.6 ಮೀಟರ್. ಆಚೆ ಬದಿ ಸ್ನಾನದ ಮನೆ, ಈಚೆ ಬದಿ ಎಲ್ಲರೂ ಓಡಾಡುವ ಹಾದಿ. ಮನೆಯಲ್ಲಿ ಯಾರು ಎಲ್ಲಿಗೆ ಹೋಗಬೇಕಾದರೂ ಈ ಗೋಡೆಯನ್ನು ಸವರಿಕೊಂಡೇ ಹೋಗಬೇಕು, ಸವರದೆ ಹೋಗುವ ಮಕ್ಕಳನ್ನು ನಾನು ಹೆತ್ತಿಲ್ಲ.

ದಿನ 1

ಗೋಡೆಯ ಸ್ಥಿತಿ: ಬಾಗಿಲಿನ ಎಡಕ್ಕೆ, ನೆಲದಿಂದ ಮೊಣಕಾಲಿನವರೆಗೆ ಬಣ್ಣ ಉಬ್ಬಿ ಹಕ್ಕಳೆ ಎದ್ದಿದೆ. ಒಂದು ಹಕ್ಕಳೆಯನ್ನು ಉಗುರಿನಿಂದ ಎತ್ತಿದರೆ ಹಿಂದೆ ಬಿಳಿ ಪುಡಿ, ಹತ್ತಿಯ ಎಳೆಯಂತೆ ನವಿರಾಗಿದೆ. ಇನ್ನುಳಿದ ಗೋಡೆಯ ತುಂಬ ಕ್ರೇಯಾನ್ ಗೀಟುಗಳು, ಬಾಲ್‌ಪೆನ್ನಿನ ಲೆಕ್ಕಗಳು. ನೆಲದಿಂದ ಸುಮಾರು 95 ಸೆಂಟಿಮೀಟರ್ ಎತ್ತರದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒಂದು ಕಪ್ಪು ಜಿಡ್ಡಿನ ಪಟ್ಟೆ. ಹನ್ನೆರಡು ಕೈಗಳು ವರ್ಷಗಟ್ಟಲೆ ಸವರಿ ಎಳೆದ ಗೆರೆ ಅದು.

"ಭಾನುವಾರ ಎರಡು ಕೋಟು ಹೊಡೆದುಬಿಡೋಣ, ಸಂಜೆಯೊಳಗೆ ಮುಗಿಯುತ್ತದೆ" ಎಂದರು ಇವರು. ಎರಡು ವರ್ಷದ ಹಿಂದೆಯೂ ಹೀಗೆಯೇ ಭಾನುವಾರ ಹೊಡೆದಿದ್ದೆವು. ಆ ಭಾನುವಾರದ ಬಣ್ಣವೇ ಈಗ ನನ್ನ ಉಗುರಿನಲ್ಲಿ ಸಿಕ್ಕಿಕೊಂಡಿತ್ತು.

ಬಿಳಿ ಪುಡಿ ಎಂದರೆ ಉಪ್ಪು. ಇಟ್ಟಿಗೆಯಲ್ಲೂ ಗಾರೆಯಲ್ಲೂ ಇರುವ ಲವಣವನ್ನು ನೀರು ಕರಗಿಸಿಕೊಂಡು ಮೇಲ್ಮೈಗೆ ತರುತ್ತದೆ, ನೀರು ಆರಿದಾಗ ಲವಣ ಅಲ್ಲೇ ಹರಳುಗಟ್ಟಿ ಬಣ್ಣವನ್ನು ಹಿಂದಿನಿಂದ ದೂಡುತ್ತದೆ. ಹಾಗಾದರೆ ನೀರು ಎಲ್ಲಿಂದ? ಗೋಡೆಯ ಒಳಗಿನಿಂದಲೋ, ಸ್ನಾನದ ಹಬೆ ತಣ್ಣನೆಯ ಗೋಡೆಗೆ ತಾಗಿ ಹನಿಯಾಗುವುದರಿಂದಲೋ? ಇದನ್ನು ತಿಳಿಯಲು ಒಂದು ಪ್ಲಾಸ್ಟಿಕ್ ಹಾಳೆ ಸಾಕು. ಸುಮಾರು 45 ಸೆಂಟಿಮೀಟರ್ ಚೌಕದ ತುಂಡನ್ನು ಹಕ್ಕಳೆಯ ಜಾಗದಲ್ಲಿ ಇಟ್ಟು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಚ್ಚಿ ಒಂದು ದಿನ ಬಿಟ್ಟೆ. ಹನಿ ಹಾಳೆಯ ಹೊರಮೈಯಲ್ಲಿ ಕಂಡರೆ ಕೋಣೆಯ ಹಬೆ, ಒಳಮೈಯಲ್ಲಿ ಕಂಡರೆ ಗೋಡೆಯ ನೀರು.

ದಿನ 2

ಒಳಮೈ.

ಇನ್ನು ಕೊಳಾಯಿ ಒಡೆದಿದೆಯೋ ಎಂದು ನೋಡಬೇಕು. ಎಲ್ಲ ನಲ್ಲಿಗಳನ್ನೂ ಮುಚ್ಚಿ, ನೀರಿನ ಮೀಟರಿನ ಅಂಕಿ ಬರೆದುಕೊಂಡು, ಒಂದು ಗಂಟೆ ಯಾರೂ ನೀರು ಮುಟ್ಟದೆ ಮತ್ತೆ ನೋಡುವುದು. ಅಂಕಿ ಚಲಿಸಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಇದು ಬಲು ಸುಲಭದ ಪರೀಕ್ಷೆ, ಒಬ್ಬರೇ ಇರುವ ಮನೆಯಲ್ಲಿ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದ್ದು ಹತ್ತು ಇಪ್ಪತ್ತಕ್ಕೆ ಕೆಟ್ಟಿತು, ಕೊನೆಯವನ ಕೈಗೆ ಅಂಟು ಮೆತ್ತಿತ್ತು. ಮಧ್ಯಾಹ್ನದ್ದು ಐವತ್ತನೆಯ ನಿಮಿಷದಲ್ಲಿ ಕೆಟ್ಟಿತು, ದೊಡ್ಡವಳು ಮರೆತು ಮುಖ ತೊಳೆದಳು. ಕೊನೆಗೆ ಬೆಳಗಿನ ಜಾವ ಮೂರೂವರೆಗೆ ಅಲಾರಂ ಇಟ್ಟು ಎದ್ದು ಅಂಕಿ ಬರೆದುಕೊಂಡೆ, ನಾಲ್ಕೂವರೆಗೆ ಮತ್ತೆ ನೋಡಿದೆ. ಒಂದು ಹಲ್ಲೂ ಸರಿದಿರಲಿಲ್ಲ. ಕೊಳಾಯಿ ಗಟ್ಟಿಯಾಗಿದೆ.

ದಿನ 3, 4

ಉಳಿದದ್ದು ಸ್ನಾನದ ಮನೆಯ ನೆಲ. ಗೋಡೆಯ ತೇವದ ಅಂಚನ್ನು ಪೆನ್ಸಿಲಿನಿಂದ ಗುರುತು ಮಾಡಿ, ಮೊದಲು ನಾಲ್ಕು ಬಕೆಟ್ ನೀರನ್ನು ನೇರವಾಗಿ ಬಚ್ಚಲ ಕಿಂಡಿಗೇ ಸುರಿದೆವು. ಏನೂ ಬದಲಾಗಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕಿಂಡಿಗೆ ಬಟ್ಟೆ ತುರುಕಿ, ನೆಲದ ಮೇಲೆ ಎರಡು ಬೆರಳಿನಷ್ಟು ನೀರು ನಿಲ್ಲಿಸಿ, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಬೀಗ ಜಡಿದೆ. ಬೀಗ ಕೊನೆಯವನಿಗಾಗಿ. ಅಷ್ಟು ನೀರಿನಲ್ಲೂ ಸಣ್ಣ ಮಗು ಮುಳುಗಬಹುದು, ಸದ್ದೂ ಆಗುವುದಿಲ್ಲ. ಶೌಚಾಲಯ ಬೇರೆ ಇರುವುದರಿಂದ ರಾತ್ರಿ ಯಾರಿಗೂ ತೊಂದರೆಯಾಗಲಿಲ್ಲ.

ಬೆಳಿಗ್ಗೆ ತೇವ ಪೆನ್ಸಿಲ್ ಗೆರೆಯನ್ನು ನಾಲ್ಕು ಬೆರಳು ದಾಟಿತ್ತು. ನೆಲದ ಟೈಲು ಗೋಡೆಯ ಟೈಲಿಗೆ ಸೇರುವ ಮೂಲೆಯಲ್ಲಿ ಸಂದು ಮುಚ್ಚುವ ಸಿಲಿಕಾನ್ ಪಟ್ಟಿ ಒಂದು ಮೊಳದುದ್ದ ಬಿಟ್ಟುಕೊಂಡಿತ್ತು. ಅದರೊಳಕ್ಕೆ ಕಾಗದದ ಚೂರು ತೂರಿಸಿದರೆ ಸರಾಗವಾಗಿ ಹೋಗುತ್ತಿತ್ತು. ಒಂಬತ್ತು ಜನರ ಸ್ನಾನದ ನೀರು ದಿನವೂ ಆ ಬಿರುಕಿನಲ್ಲಿ ಒಂದಿಷ್ಟು ಇಳಿಯುತ್ತಿತ್ತು. ನಾವು ಈಚೆಯಿಂದ ಭಾನುವಾರ ಭಾನುವಾರ ಬಣ್ಣ ಹೊಡೆಯುತ್ತಿದ್ದೆವು, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಹಳೆಯ ಪಟ್ಟಿಯ ಮೇಲೆಯೇ ಹೊಸದನ್ನು ಎಳೆದುಬಿಡುವ ಆಸೆ ಬರುತ್ತದೆ, ಎಳೆಯಬಾರದು. ಹಳೆಯ ಸಿಲಿಕಾನಿಗೆ ಹೊಸ ಸಿಲಿಕಾನ್ ಕಚ್ಚುವುದಿಲ್ಲ. ಬ್ಲೇಡಿನಿಂದ ಕೊಯ್ದು, ಕೆರೆದು, ಬೆರಳಿಗೆ ರಬ್ಬರಿನಂತೆ ತಾಗುವ ತೆಳು ಪೊರೆಯೂ ಉಳಿಯದಂತೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದೆ. ಮೂಲೆ ಪೂರ್ತಿ ಒಣಗಲು ಒಂದು ದಿನ ಫ್ಯಾನ್. ಮರುದಿನ ಹೊಸ ಪಟ್ಟಿ ಎಳೆದು, ಸೋಪಿನ ನೀರಿನಲ್ಲಿ ಅದ್ದಿದ ಬೆರಳಿನಿಂದ ಒಂದೇ ಎಳೆತದಲ್ಲಿ ನಯ ಮಾಡಿದೆ. ಅದು ಗಟ್ಟಿಯಾಗಲು ಇನ್ನೊಂದು ದಿನ. ಎರಡು ದಿನ ಸ್ನಾನವಿಲ್ಲ ಎಂದು ಸಾರಿದಾಗ ಅವಳಿಗಳು ಹಾದಿಯುದ್ದಕ್ಕೂ ಕುಣಿದರು. ದೊಡ್ಡವಳು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು.

ದಿನ 5

ಹಕ್ಕಳೆ ಕೆರೆಯಲು ಹೊರಟು ಕೈ ತಡೆದೆ. ಮನೆ ಹಳೆಯದು. ಬಾಗಿಲ ಚೌಕಟ್ಟಿನ ಮೇಲೆ ಐದಾರು ಪದರ ಎಣ್ಣೆಬಣ್ಣವಿದೆ, ಒಂದು ಕಡೆ ಚಕ್ಕೆ ಎದ್ದಾಗ ಮರದ ವರ್ತುಲಗಳಂತೆ ಎಣಿಸಬಹುದಿತ್ತು. ಹಳೆಯ ಎಣ್ಣೆಬಣ್ಣ ಎಂದರೆ ಸೀಸದ ಅನುಮಾನ. ಸೀಸವಿದ್ದ ಬಣ್ಣವನ್ನು ಒಣಗಿದ್ದಾಗಲೇ ಉಪ್ಪುಕಾಗದದಿಂದ ಉಜ್ಜಿದರೆ ಏಳುವ ದೂಳು ನೆಲಕ್ಕೆ, ಆಟಿಕೆಗೆ, ಅಲ್ಲಿಂದ ಕೊನೆಯವನ ಬಾಯಿಗೆ ಹೋಗುತ್ತದೆ. ನುಂಗಿದ ಸೀಸವನ್ನು ಸಣ್ಣ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಇಷ್ಟರವರೆಗೆ ಪರವಾಗಿಲ್ಲ ಎನ್ನಬಹುದಾದ ಸುರಕ್ಷಿತ ಮಟ್ಟ ಯಾವುದೂ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಹೆಚ್ಚು ಸೀಸ ಇರಕೂಡದು ಎಂಬುದು ಈಗ ಹಲವು ದೇಶಗಳ ಕಾನೂನು, ಆದರೆ ಹಳೆಯ ಪದರಗಳು ಆ ಕಾನೂನಿಗೆ ಮೊದಲೇ ಗೋಡೆಗೆ ಅಂಟಿದವು.

ಗೋಡೆಯಿಂದ ಒಂದು, ಚೌಕಟ್ಟಿನಿಂದ ಒಂದು, ಎಲ್ಲ ಪದರಗಳೂ ಬರುವಂತೆ ಎರಡು ಚಕ್ಕೆ ತೆಗೆದು ಬೇರೆಬೇರೆ ಲಕೋಟೆಯಲ್ಲಿ ಪ್ರಯೋಗಾಲಯಕ್ಕೆ ಕಳಿಸಿದೆ. ವರದಿ ಬರುವವರೆಗೆ ಹಕ್ಕಳೆಯ ಜಾಗಕ್ಕೆ ಪ್ಲಾಸ್ಟಿಕ್ ಹೊದಿಸಿ, ನೆಲವನ್ನು ದಿನಕ್ಕೆರಡು ಸಲ ಒದ್ದೆಬಟ್ಟೆಯಿಂದ ಒರೆಸಿದೆ. ಪೊರಕೆ ಹಾಕಲಿಲ್ಲ, ಪೊರಕೆ ದೂಳನ್ನು ಎಬ್ಬಿಸಿ ಬೇರೆಡೆ ಕೂರಿಸುತ್ತದೆ ಅಷ್ಟೆ.

"ಮೂಗಿಗಿಂತ ಮೂಗುತಿ ಭಾರವಾಯಿತಲ್ಲೇ" ಎಂದರು ಅತ್ತೆ. ವಾರವಾದರೂ ಬಣ್ಣದ ಡಬ್ಬಿ ಮನೆಗೆ ಬಂದಿರಲಿಲ್ಲ.

ದಿನ 11

ವರದಿ ಬಂತು. ಗೋಡೆಯದು 90ಕ್ಕಿಂತ ಎಷ್ಟೋ ಕೆಳಗೆ. ಚೌಕಟ್ಟಿನದು ಎಷ್ಟೋ ಮೇಲೆ.

ಹೀಗಾಗಿ ಚೌಕಟ್ಟನ್ನು ಕೆರೆಯುವುದಿಲ್ಲ, ಸುಡುವುದಿಲ್ಲ, ಉಜ್ಜುವುದಿಲ್ಲ ಎಂದು ತೀರ್ಮಾನವಾಯಿತು. ಪದರ ಗಟ್ಟಿಯಾಗಿರುವಷ್ಟು ದಿನ ಅದರ ಮೇಲೆ ಹೊಸ ಬಣ್ಣದ ಹೊದಿಕೆ ಸಾಕು. ಆದರೆ ಬಾಗಿಲು ಮೇಲ್ಗಡೆ ಚೌಕಟ್ಟಿಗೆ ಉಜ್ಜುತ್ತಿತ್ತು. ಹೊದಿಕೆ ಎಷ್ಟೇ ಹೊಡೆದರೂ ಉಜ್ಜುವ ಜಾಗ ದಿನವೂ ದೂಳು ಉದುರಿಸುತ್ತದೆ. ನೋಡಿದರೆ ಮೇಲಿನ ಕೀಲಿನ ಸ್ಕ್ರೂಗಳು ಸಡಿಲಗೊಂಡಿದ್ದವು, ಬಾಗಿಲಿನ ಹಿಡಿಗೆ ಜೋತುಬೀಳುವವರು ಇರುವ ಮನೆಯಲ್ಲಿ ಅದೇನು ಆಶ್ಚರ್ಯವಲ್ಲ. ಉದ್ದ ಸ್ಕ್ರೂ ಹಾಕಿ ಬಿಗಿದ ಮೇಲೆ ಬಾಗಿಲಿಗೂ ಚೌಕಟ್ಟಿಗೂ ನಡುವೆ ದಪ್ಪ ರಟ್ಟು ತೂರುವಷ್ಟು ಸಂದು ಬಂತು.

ಇನ್ನೊಂದು ತೊಡಕು. ಮಕ್ಕಳ ಎತ್ತರದ ಗುರುತುಗಳೆಲ್ಲ ಇರುವುದು ಅದೇ ಚೌಕಟ್ಟಿನ ಮೇಲೆ. ಅದನ್ನು ಮುಂದೆ ಹೇಳುತ್ತೇನೆ.

ದಿನ 12 ರಿಂದ 26

ಮಕ್ಕಳು ಶಾಲೆಗೆ ಹೋದ ಮೇಲೆ, ಕೊನೆಯವನನ್ನು ಅತ್ತೆಗೆ ಒಪ್ಪಿಸಿ, ಉಳಿ ಸುತ್ತಿಗೆ ಹಿಡಿದೆ. ಸುತ್ತಿಗೆಯ ಹಿಡಿಯಿಂದ ಗೋಡೆ ಬಡಿಯುತ್ತ ಹೋದರೆ ಗಟ್ಟಿ ಗಾರೆ ಟಕ್ ಎನ್ನುತ್ತದೆ, ಇಟ್ಟಿಗೆಯಿಂದ ಬಿಟ್ಟುಕೊಂಡ ಗಾರೆ ಖಾಲಿ ಡಬ್ಬಿಯಂತೆ ಡೊಬ್ ಎನ್ನುತ್ತದೆ. ಡೊಬ್ ಎಂದ ಕಡೆಯೆಲ್ಲ ಸುತ್ತ ಗೆರೆ ಹಾಕಿ ಇಟ್ಟಿಗೆ ಕಾಣುವವರೆಗೆ ಒಡೆದೆ. 1.6 ಮೀಟರ್ ಅಗಲ, 70 ಸೆಂಟಿಮೀಟರ್ ಎತ್ತರ. ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಿ ಕಾಗದದಲ್ಲಿ ಹಿಡಿದು ಹೊರಗೆ ಹಾಕಿದೆ. ತೊಳೆದರೆ ಅದು ಕರಗಿ ಮತ್ತೆ ಇಟ್ಟಿಗೆಯೊಳಕ್ಕೇ ಹೋಗುತ್ತದೆ.

ಆಮೇಲೆ ಎರಡು ವಾರ ಕಾಯುವುದು. ಹಗಲೆಲ್ಲ ಫ್ಯಾನ್ ತಿರುಗುತ್ತಿತ್ತು. ಮೂರನೆಯ ದಿನ ಮತ್ತೆ ಸ್ವಲ್ಪ ಉಪ್ಪು ಬಂತು, ಮತ್ತೆ ಉಜ್ಜಿದೆ. ಒಂಬತ್ತನೆಯ ದಿನ ಇನ್ನೂ ಸ್ವಲ್ಪ. ಆಮೇಲೆ ಬರಲಿಲ್ಲ. ಇಪ್ಪತ್ತಾರನೆಯ ದಿನ ಹಾಳೆ ಹಚ್ಚಿ ತೆಗೆದರೆ ಎರಡೂ ಮೈ ಒಣಗಿತ್ತು. ಬರಿಯ ಇಟ್ಟಿಗೆ ಕಾಣುವ ಗೋಡೆಯನ್ನು ನೋಡಿ ಹೋದ ಬಂದವರೆಲ್ಲ "ಮನೆ ಕಟ್ಟಿಸುತ್ತಿದ್ದೀರಾ?" ಎಂದು ಕೇಳಿದರು.

ದಿನ 27

ಗಾರೆ. ಒಂದು ಪಾಲು ಸಿಮೆಂಟಿಗೆ ಐದು ಪಾಲು ಜರಡಿ ಹಿಡಿದ ಮರಳು. ಒಣ ಇಟ್ಟಿಗೆ ಗಾರೆಯ ನೀರನ್ನು ಕುಡಿದುಬಿಡುವುದರಿಂದ ಮೊದಲು ಅದನ್ನು ತಣಿಸಬೇಕು, ಆದರೆ ನೀರು ಹರಿಯುವಷ್ಟಲ್ಲ. ಗುಂಡಿಯ ಆಳ 20 ಮಿಲಿಮೀಟರ್ ಇತ್ತು, ಅಷ್ಟನ್ನೂ ಒಂದೇ ಸಲಕ್ಕೆ ಮೆತ್ತಿದರೆ ತನ್ನ ಭಾರಕ್ಕೆ ತಾನೇ ಜಾರುತ್ತದೆ. 12 ಮಿಲಿಮೀಟರಿನ ಮೊದಲ ಪದರ ಹಾಕಿ, ಕರಣೆಯ ಮೊನೆಯಿಂದ ಅಡ್ಡಡ್ಡ ಗೀರಿ ಒರಟು ಮಾಡಿ, ಅದು ಬಿಗಿದುಕೊಂಡ ಮೇಲೆ ಎರಡನೆಯದನ್ನು ಕೊಟ್ಟೆವು. ನಾನು ಎಸೆದೆ, ಇವರು ಪಟ್ಟಿ ಎಳೆದರು. ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ, ಕೈಗವಸು ಇಲ್ಲದೆ ಮುಟ್ಟುವ ವಸ್ತುವಲ್ಲ. ಎರಡನೆಯವನು ನೋಡಲು ಮಾತ್ರ ಅನುಮತಿ ಪಡೆದು, ನೋಡುತ್ತ ನೋಡುತ್ತ ಸಲಹೆ ಕೊಡತೊಡಗಿದ.

ಹೊಸ ಗಾರೆ ಏಳು ದಿನ ಹಸಿಯಾಗಿರಬೇಕು. ಆ ಕೆಲಸ ಐದನೆಯವಳಿಗೆ. ನೀರು ಚಿಮುಕಿಸುವ ಬಾಟಲಿ, ದಿನಕ್ಕೆ ಮೂರು ಹೊತ್ತು. ಇಷ್ಟು ದಿನ ನೀರನ್ನು ಓಡಿಸಲು ಒದ್ದಾಡಿದ ಅಮ್ಮ ಈಗ ತಾನೇ ನೀರು ಹಾಕಿಸುತ್ತಿರುವುದು ಅವಳಿಗೆ ಅರ್ಥವಾಗಲಿಲ್ಲ. ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರಿನೊಂದಿಗೆ ಕೂಡಿಕೊಂಡು ಗಟ್ಟಿಯಾಗುತ್ತದೆ, ಅದಕ್ಕೆ ನೀರೇ ಊಟ ಎಂದೆ. ಅಂದಿನಿಂದ ಅವಳು ಗೋಡೆಗೆ ಮೂರು ಹೊತ್ತು "ಊಟ ಹಾಕಿದೆ" ಎಂದು ಪುಸ್ತಕದಲ್ಲಿ ಗುರುತು ಮಾಡತೊಡಗಿದಳು. ಇಪ್ಪತ್ತೊಂದು ಗುರುತು, ಒಂದು ಹೊತ್ತೂ ತಪ್ಪಿಲ್ಲ.

ದಿನ 28 ರಿಂದ 54

ಹೊಸ ಸಿಮೆಂಟು ಗಾರೆ ಕಟು ಕ್ಷಾರ. ಬೇಗ ಬಣ್ಣ ಹೊಡೆದರೆ ಅದು ಬಣ್ಣವನ್ನೇ ತಿನ್ನುತ್ತದೆ, ಎಣ್ಣೆಬಣ್ಣವಾದರೆ ಸೋಪಿನಂತೆ ಜಾರುಜಾರಾಗುತ್ತದೆ. 28 ದಿನ ಬಿಡುವುದು ವಾಡಿಕೆ. ಈ ಬಿಡುವು ನನಗೆ ಬೇಕಾಗಿಯೇ ಇತ್ತು.

ಆರು ಮಕ್ಕಳ ಮನೆಯಲ್ಲಿ ಎರಡು ಗಂಟೆ ಒಟ್ಟಿಗೆ ಸಿಗುವುದಿಲ್ಲ, ಇಪ್ಪತ್ತು ನಿಮಿಷ ಸಿಗುತ್ತದೆ. ಆದ್ದರಿಂದ ಕೆಲಸವನ್ನೂ ಇಪ್ಪತ್ತು ನಿಮಿಷದ ತುಂಡುಗಳಾಗಿ ಕತ್ತರಿಸಿಕೊಂಡೆ. ಯಾವ ತುಂಡನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಯಾವುದನ್ನು ನಿಲ್ಲಿಸಲೇಬಾರದು ಎಂದು ಎರಡು ಪಟ್ಟಿ. ಕ್ರೇಯಾನ್ ತೆಗೆಯುವುದು ಮೊದಲ ಪಟ್ಟಿಯದು. ಕ್ರೇಯಾನ್ ಎಂದರೆ ಮೇಣ, ಅದರ ಮೇಲೆ ಬಣ್ಣ ಕೂರುವುದಿಲ್ಲ. ತಲೆಗೂದಲು ಒಣಗಿಸುವ ಯಂತ್ರದಿಂದ ಬೆಚ್ಚಗೆ ಮಾಡಿ, ಮೆತ್ತಗಾದ ಮೇಣವನ್ನು ಬಟ್ಟೆಯಲ್ಲಿ ಒತ್ತಿ ತೆಗೆದು, ಉಳಿದ ಜಿಡ್ಡನ್ನು ಪಾತ್ರೆ ತೊಳೆಯುವ ಸೋಪಿನಿಂದ ಒರೆಸಿದೆ. ಬಾಲ್‌ಪೆನ್ನಿಗೆ ಸ್ಪಿರಿಟ್. ಕಪ್ಪು ಜಿಡ್ಡಿನ ಪಟ್ಟೆಗೆ ಸೋಪಿನ ನೀರು, ಆಮೇಲೆ ಬರಿಯ ನೀರು, ಮತ್ತೊಮ್ಮೆ ಬರಿಯ ನೀರು. ಅದು ಪೂರ್ತಿ ಹೋಗುವ ಮೊದಲು ಅದರ ಎತ್ತರವನ್ನು ಅಳೆದು ಬರೆದಿಟ್ಟುಕೊಂಡೆ. ಗೋಡೆಯ ಕೆಳಭಾಗಕ್ಕೆ ತೊಳೆಯಬಹುದಾದ ಹೊಳಪಿನ ಬಣ್ಣ, ಮೇಲ್ಭಾಗಕ್ಕೆ ಹೊಳಪಿಲ್ಲದ್ದು ಎಂದು ನಿರ್ಧರಿಸಿದ್ದೆ. ಎಲ್ಲಿ ಕತ್ತರಿಸಬೇಕು ಎಂದು ಆ ಪಟ್ಟೆಯೇ ಹೇಳಿತು. 95ರ ಮೇಲೆ ಒಂದು ಗೇಣಿಗಿಂತ ತುಸು ಕಡಿಮೆ ಬಿಟ್ಟು 1.1 ಮೀಟರ್. ಪೂರ್ತಿ ಗೋಡೆಗೆ ಹೊಳಪು ಏಕೆ ಬೇಡ ಎಂದರೆ, ಹೊಳಪು ಗೋಡೆಯ ಪ್ರತಿ ಉಬ್ಬು ತಗ್ಗನ್ನೂ ಊರಿಗೆಲ್ಲ ಸಾರುತ್ತದೆ.

ಎತ್ತರದ ಗುರುತುಗಳ ಕೆಲಸವೂ ಈ ದಿನಗಳಲ್ಲೇ ಆಯಿತು. ಚೌಕಟ್ಟಿಗೆ ಹೊಸ ಬಣ್ಣ ಬಂದರೆ ಅವೆಲ್ಲ ಮುಚ್ಚಿಹೋಗುತ್ತವೆ. 1.8 ಮೀಟರಿನ ಒಂದು ಹಲಗೆ ತಂದು, ಉಜ್ಜಿ, ಮೂಲೆಗೆ ಆನಿಸಿ ಇಟ್ಟೆ. ನೆಲದಿಂದ ಉದ್ದಕ್ಕೂ ಚೌಕಟ್ಟಿಗೆ ಕಾಗದದ ಪಟ್ಟಿ ಹಚ್ಚಿ, ಒಂದೊಂದು ಗುರುತಿನ ನೇರಕ್ಕೂ ಕಾಗದದಲ್ಲಿ ಗೆರೆ ಎಳೆದು, ಹೆಸರು, ತಾರೀಖು ನಕಲು ಮಾಡಿದೆ. ಅವಳಿಗಳ ಗೆರೆಗಳು ಪ್ರತಿ ಸಲವೂ ನಾಲ್ಕು ಮಿಲಿಮೀಟರ್ ಅಂತರದಲ್ಲಿವೆ. ಒಂದು ವರ್ಷ ಮಾತ್ರ ಆ ಅಂತರ ತಿರುಗಿದೆ. ಆ ದಿನ ಚಿಕ್ಕವನು ಹಿಮ್ಮಡಿ ಎತ್ತಿದ್ದ ಎಂದು ದೊಡ್ಡವನು ಚೌಕಟ್ಟಿನ ಮೇಲೆಯೇ ಸಣ್ಣಕ್ಷರದಲ್ಲಿ ದೂರು ಬರೆದಿದ್ದಾನೆ. ಅದನ್ನೂ ನಕಲು ಮಾಡಿದೆ. ಕಾಗದದಿಂದ ಹಲಗೆಗೆ ಇಳಿಸಿದೆ. ಚೌಕಟ್ಟನ್ನು ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಉಜ್ಜದೆಯೇ ಹಿಡಿಯುವ ಪ್ರೈಮರ್ ಹಚ್ಚಿ, ಎರಡು ಕೋಟು ಬಣ್ಣ ಕೊಟ್ಟೆ.

ದಿನ 55 ರಿಂದ 57

ಪುಟ್ಟಿ. ಒಂದು ಸಲಕ್ಕೆ ಎರಡು ಮಿಲಿಮೀಟರಿಗಿಂತ ದಪ್ಪ ಬೇಡ, ದಪ್ಪಗೆ ಮೆತ್ತಿದ್ದು ಬಿರುಕು ಬಿಡುತ್ತದೆ. ಮಧ್ಯೆ ಯಾರಾದರೂ ಕೂಗಿದರೆ ಪುಟ್ಟಿಯ ತಟ್ಟೆಯ ಮೇಲೆ ಒದ್ದೆಬಟ್ಟೆ ಮುಚ್ಚಿ ಹೋಗಬಹುದು, ಅರ್ಧ ಗಂಟೆ ಕಾಯುತ್ತದೆ. ಒಣಗಿದ ಮೇಲೆ 120ರ ಉಪ್ಪುಕಾಗದ, ಆಮೇಲೆ 180.

ಕೈಗೆ ನಯವಾಗಿ ಹತ್ತಿದ ಗೋಡೆ ಕಣ್ಣಿಗೆ ನಯವಾಗಿರುವುದಿಲ್ಲ. ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಕೆನ್ನೆ ಒತ್ತಿದಂತೆ ಹಿಡಿದು ಬೆಳಕನ್ನು ಓರೆಯಾಗಿ ಹರಿಸಬೇಕು. ಆಗ ಸಾಸಿವೆಯಷ್ಟು ತಗ್ಗಿಗೂ ಉದ್ದನೆಯ ನೆರಳು ಬೀಳುತ್ತದೆ. ಈ ಪರೀಕ್ಷಕರ ಹುದ್ದೆಯನ್ನು ಅವಳಿಗಳಿಗೆ ಕೊಟ್ಟೆ, ಒಬ್ಬನಿಗೆ ಟಾರ್ಚ್, ಇನ್ನೊಬ್ಬನಿಗೆ ಪೆನ್ಸಿಲ್. ತಪ್ಪು ಕಂಡಲ್ಲಿ ಸುತ್ತ ಒಂದು ಸೊನ್ನೆ. ಬೇರೆಯವರ ತಪ್ಪು ಹುಡುಕುವುದರಲ್ಲಿ ಒಂಬತ್ತು ವರ್ಷದವರಿಗಿರುವ ಶ್ರದ್ಧೆ ಇನ್ನಾರಿಗೂ ಇಲ್ಲ. ಅರವತ್ತಮೂರು ಸೊನ್ನೆ. ಅಷ್ಟನ್ನೂ ತುಂಬಿ ಉಜ್ಜಿ ಮುಗಿಸುವಾಗ ರಾತ್ರಿ ಹನ್ನೊಂದು.

ದಿನ 58, 59

ಕ್ಷಾರ ತಡೆಯುವ, ನೀರಿನಲ್ಲಿ ಕಲಸುವ ಪ್ರೈಮರ್ ಒಂದು ರಾತ್ರಿ. ಮರುರಾತ್ರಿ ಮೇಲ್ಭಾಗಕ್ಕೆ ಮೊದಲ ಕೋಟು.

ಲೆಕ್ಕ ಹೀಗೆ: ಬಾಗಿಲು ಕಳೆದರೆ ಗೋಡೆ ಸುಮಾರು 11.8 ಚದರ ಮೀಟರ್, ಮೇಲಿನದು 7, ಕೆಳಗಿನದು 4.8. ನಯವಾದ ಗೋಡೆಗೆ ಒಂದು ಲೀಟರು ಒಂದು ಕೋಟಿನಲ್ಲಿ ಸುಮಾರು 10 ಚದರ ಮೀಟರ್ ಬರುತ್ತದೆ. ಕೆಳಗಿನದಕ್ಕೆ ಎರಡು ಕೋಟಿಗೆ ಒಂದು ಲೀಟರು ಕಟ್ಟುನಿಟ್ಟಾಗಿ ಸಾಕು. ಈ ಮನೆಯಲ್ಲಿ ಕಟ್ಟುನಿಟ್ಟಿನ ಲೆಕ್ಕ ಯಾವುದೂ ನಡೆಯದ ಕಾರಣ ಎರಡೆರಡು ಲೀಟರು ತಂದೆ. ಬಣ್ಣದ ಆಯ್ಕೆಗೆ ಮತ ಹಾಕಿಸಿದಾಗ ಒಂಬತ್ತು ಮತಕ್ಕೆ ಎಂಟು ಬಣ್ಣ ಬಂದವು. ಆಮೇಲೆ ನಾನೇ ಆರಿಸಿದೆ, ಮೇಲೆ ಕೆನೆಬಣ್ಣ, ಕೆಳಗೆ ಪಾಚಿಹಸಿರು.

ರೋಲರ್ ಹಿಡಿಯುವುದು ಎರಡನೆಯ ಪಟ್ಟಿಯ ಕೆಲಸ. ಒಂದು ಮೂಲೆಯಿಂದ ಹೊರಟರೆ ಇನ್ನೊಂದು ಮೂಲೆಗೋ ಬಾಗಿಲ ಅಂಚಿಗೋ ಮುಟ್ಟುವವರೆಗೆ ನಿಲ್ಲಬಾರದು. ನಿಂತರೆ ಅಂಚು ಒಣಗಿ, ಅದರ ಮೇಲೆ ಹೊಸ ಬಣ್ಣ ಏರಿದಲ್ಲಿ ಪಟ್ಟೆ ಮೂಡುತ್ತದೆ. ಅದಕ್ಕೇ ಎಲ್ಲರೂ ಮಲಗಿದ ಮೇಲೆ ಶುರು. ಬಾಗಿಲಿನ ಬಲಭಾಗ ಸರಾಗವಾಗಿ ಮುಗಿಯಿತು. ಎಡಭಾಗದ ನಟ್ಟನಡುವೆ ಕೊನೆಯವನು ಕನಸು ಕಂಡು ಕಿರುಚಿದ. ಇವರು ಎತ್ತಿಕೊಂಡರು, ಅಮ್ಮನೇ ಬೇಕು ಎಂದ. ರೋಲರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟು ಹೋದೆ. ಹಾಗೆ ಸುತ್ತಿಟ್ಟ ರೋಲರ್ ರಾತ್ರಿ ಕಳೆದರೂ ಒಣಗುವುದಿಲ್ಲ. ಗೋಡೆಗೆ ಮಾತ್ರ ಚೀಲ ಹೊದಿಸಲಾಗದು. ಇಪ್ಪತ್ತೈದು ನಿಮಿಷ ಬಿಟ್ಟು ಬಂದಾಗ ಅಂಚು ಒಣಗಿತ್ತು. ಎರಡನೆಯ ಕೋಟಿನಲ್ಲಿ ಬಹುಪಾಲು ಮುಚ್ಚಿಹೋಯಿತು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಈಗಲೂ ನನಗೊಬ್ಬಳಿಗೆ ಅದು ಕಾಣುತ್ತದೆ.

ದಿನ 60

ಬೆಳಿಗ್ಗೆ ದೊಡ್ಡವಳು ಎಬ್ಬಿಸಿದಳು. "ಅಮ್ಮ, ಗೋಡೆಗೆ ಏನೋ ಆಗಿದೆ."

ಕೆನೆಬಣ್ಣದ ಮೇಲೆ ಅಲ್ಲಲ್ಲಿ ತಿಳಿನೇರಳೆ ಉಂಗುರಗಳು. ಹದಿನೇಳು. ಪರೀಕ್ಷಕರನ್ನು ಕರೆಸಿದೆ. ಸೊನ್ನೆ ಹಾಕಿದ ಆ ರಾತ್ರಿ ಪೆನ್ಸಿಲಿನ ಮೊನೆ ಮುರಿದಿತ್ತಂತೆ, ಟಾರ್ಚ್ ಹಿಡಿದವನು ಆಗಲೇ ಮುಂದಕ್ಕೆ ಹೋಗಿದ್ದ, ಜೇಬಿನಲ್ಲಿ ಸ್ಕೆಚ್ ಪೆನ್ನು ಇತ್ತು. ಕತ್ತಲಲ್ಲಿ, ಟಾರ್ಚ್ ಬೆಳಕಿನಲ್ಲಿ ನನಗೂ ಎಲ್ಲ ಸೊನ್ನೆಗಳೂ ಒಂದೇ ಬಣ್ಣವಾಗಿ ಕಂಡಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಪೆನ್ಸಿಲಿನ ಗೆರೆ ಬಣ್ಣದಡಿ ಸುಮ್ಮನಿರುತ್ತದೆ. ಸ್ಕೆಚ್ ಪೆನ್ನಿನ ಶಾಯಿ ನೀರಿನಲ್ಲಿ ಕರಗುವಂಥದ್ದು, ನೀರಿನಲ್ಲಿ ಕಲಸಿದ ಪ್ರೈಮರೂ ಬಣ್ಣವೂ ಅದನ್ನು ಕರಗಿಸಿಕೊಂಡು ಮೇಲಕ್ಕೆ ಎಳೆದುಕೊಳ್ಳುತ್ತವೆ. ಮೊದಲ ದಿನ ಕಂಡ ಉಪ್ಪಿನ ಕತೆಯೇ ಇದೂ. ಮತ್ತೆ ನಾಲ್ಕು ಕೋಟು ಹೊಡೆದರೆ ನಾಲ್ಕು ಸಲ ಮೇಲೆ ಬರುತ್ತದೆ. ಅರಗಿನ ಪ್ರೈಮರ್ ಆದರೆ ಸ್ಪಿರಿಟಿನಲ್ಲಿ ಕಲಸಿದ್ದು, ನೀರಿಲ್ಲ, ಕಲೆ ಮೇಲೇಳುವುದಿಲ್ಲ. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿಗಳನ್ನೆಲ್ಲ ತೆರೆದು, ಹದಿನೇಳು ಉಂಗುರಕ್ಕೂ ಸಣ್ಣ ಕುಂಚದಿಂದ ಹಚ್ಚಿದೆ. ವಾಸನೆ ಕಟು, ಆದರೆ ಒಂದು ಗಂಟೆಯೊಳಗೆ ಒಣಗಿತು. ರಾತ್ರಿ ಎರಡನೆಯ ಕೋಟು. ಬೆಳಿಗ್ಗೆ ಉಂಗುರ ಇರಲಿಲ್ಲ. ಪರೀಕ್ಷಕರು ಗೋಡೆಯ ಬಳಿ ಬರಲು ಒಂದು ದಿನ ತಡಮಾಡಿದರು.

ದಿನ 61

ರಸಮಟ್ಟ ಹಿಡಿದು 1.1 ಮೀಟರಿಗೆ ಗುರುತು, ಸುಣ್ಣ ಬಳಿದ ದಾರ ಎಳೆದು ಮಿಡಿದು ಗೆರೆ, ಗೆರೆಯ ಮೇಲಂಚಿಗೆ ಮಾಸ್ಕಿಂಗ್ ಟೇಪ್. ಟೇಪಿನ ಕೆಳ ಅಂಚಿಗೆ ಮೊದಲು ಮೇಲಿನ ಕೆನೆಬಣ್ಣವನ್ನೇ ತೆಳುವಾಗಿ ಹಚ್ಚಬೇಕು. ಸಂದಿನೊಳಕ್ಕೆ ಹರಿಯುವುದೇನಿದ್ದರೂ ಅದೇ ಬಣ್ಣ ಹರಿದು ಸಂದು ಮುಚ್ಚಿಹೋಗುತ್ತದೆ, ಆಮೇಲಿನ ಹಸಿರು ಒಳಗೆ ನುಗ್ಗಲಾರದು. ಒಂಬತ್ತಕ್ಕೆ ಒಂದು ಕೋಟು, ರಾತ್ರಿ ಒಂದಕ್ಕೆ ಇನ್ನೊಂದು. ಬಣ್ಣ ಪೂರ್ತಿ ಒಣಗುವ ಮೊದಲೇ ಟೇಪನ್ನು ಮಡಚಿ ಎಳೆದೆ. ಗೆರೆ ಕೂದಲೆಳೆಯಷ್ಟು ನೇರವಾಗಿ ಬಂತು. ಎಡ ಮೂಲೆಯಲ್ಲಿ ಒಂದು ಗೇಣು ಮಾತ್ರ ಹಸಿರು ಹರಿದಿತ್ತು, ಅಲ್ಲಿ ನನಗೆ ನಿದ್ದೆ ಬಂದಿತ್ತು.

ದಿನ 64

ಚೀಲ ತೂಗುಹಾಕುವ ಗೂಟಗಳು. ಶಾಲಾಚೀಲಗಳನ್ನು ತೂಗಿ ನೋಡಿದೆ, ದೊಡ್ಡವಳದು 7 ಕಿಲೋ, ಎಲ್ಲ ಸೇರಿ 29. ಅದರ ಮೇಲೆ ಯಾರಾದರೂ ಜೋತುಬಿದ್ದೇ ಬೀಳುತ್ತಾರೆ. ಗಾರೆಯ ದಪ್ಪ ಭಾರ ಹೊರುವುದಿಲ್ಲ, ಸ್ಕ್ರೂ ಇಟ್ಟಿಗೆಯನ್ನು ಕಚ್ಚಬೇಕು. ಆದ್ದರಿಂದ 8 ಮಿಲಿಮೀಟರಿನ ನೈಲಾನ್ ಪ್ಲಗ್, 70 ಮಿಲಿಮೀಟರಿನ ಸ್ಕ್ರೂ. ಕೊರೆಯುವ ಮೊದಲು ಆಚೆ ಬದಿಯ ನಲ್ಲಿಗಳು ಎಲ್ಲಿವೆ ಎಂದು ಅಳೆದೆ. ಕೊಳಾಯಿ ಸಾಮಾನ್ಯವಾಗಿ ನಲ್ಲಿಯಿಂದ ನೇರ ಮೇಲಕ್ಕೋ ಕೆಳಕ್ಕೋ ಅಡ್ಡಕ್ಕೋ ಹೋಗುತ್ತದೆ, ಆ ದಾರಿಗಳಿಂದ ದೂರವಿದ್ದೆ.

ಕೆಳಗಿನ ಸಾಲನ್ನು 90 ಸೆಂಟಿಮೀಟರಿಗೆ ಹಾಕುವವಳಿದ್ದೆ. ಕೊನೆಯವನನ್ನು ಗೋಡೆಗೆ ನಿಲ್ಲಿಸಿ ನೋಡಿದಾಗ ಅವನ ಕಣ್ಣು ಇದ್ದದ್ದು 85ರಲ್ಲಿ. ಹಾದಿಯಲ್ಲಿ ಓಡುವ ಮಗುವಿನ ಕಣ್ಣಿನ ಎತ್ತರಕ್ಕೆ ಕೊಕ್ಕೆ! ತಲೆಗಿಂತ ಮೇಲಕ್ಕೆ, 1.1 ಮೀಟರಿಗೆ ಏರಿಸಿದೆ, ಚೂಪಿನ ಕಬ್ಬಿಣದ ಕೊಕ್ಕೆಯ ಬದಲು ಗುಂಡುತಲೆಯ ಮರದ ಗೂಟ. ಅವನ ಕೈ ಎಟುಕುತ್ತದೆ. ಗೂಟದ ಹಲಗೆ ಹಸಿರು ಹರಿದಿದ್ದ ಆ ಗೇಣನ್ನೂ ಮುಚ್ಚಿತು. ಉದ್ದೇಶಪೂರ್ವಕ ಎಂದು ಹೇಳಿಕೊಂಡಿದ್ದೇನೆ.

ದಿನ 65

ಎತ್ತರದ ಹಲಗೆಯನ್ನು ಚೌಕಟ್ಟಿನ ಪಕ್ಕದಲ್ಲಿ, ಗೋಡೆಯ ಬುಡದ ಸ್ಕರ್ಟಿಂಗ್ ಪಟ್ಟಿಯ ಮೇಲೆ ಕೂರುವಂತೆ ತಿರುಪಿ ನಿಲ್ಲಿಸಿದೆ. ಐದನೆಯವಳು ಬಂದು ಬೆನ್ನು ಹಚ್ಚಿ ನಿಂತಳು. ತಲೆಯ ಮೇಲೆ ಪುಸ್ತಕ ಇಟ್ಟು ನೋಡಿದರೆ, ಎರಡು ತಿಂಗಳ ಹಿಂದಿನ ಅವಳ ಗೆರೆ ಪುಸ್ತಕಕ್ಕಿಂತ ಒಂದು ಅಂಗೈ ಮೇಲಿತ್ತು. ಅವಳು ಗೆರೆಯನ್ನು ನೋಡಿದಳು, ನನ್ನನ್ನು ನೋಡಿದಳು, ಕೆಳತುಟಿ ನಡುಗಿತು.

"ಅಮ್ಮ, ನಾನು ಚಿಕ್ಕವಳಾಗಿಬಿಟ್ಟೆನಾ?"

ಗುರುತುಗಳನ್ನು ಹಲಗೆಯ ಬುಡದಿಂದ ಅಳೆದು ಹಾಕಿದ್ದೆ. ಹಲಗೆ ಮಾತ್ರ ನೆಲದ ಮೇಲಿಲ್ಲ, 10 ಸೆಂಟಿಮೀಟರ್ ಎತ್ತರದ ಸ್ಕರ್ಟಿಂಗ್ ಮೇಲಿದೆ. ಮನೆಯ ಮಕ್ಕಳೆಲ್ಲ ಒಂದೇ ದಿನದಲ್ಲಿ 10 ಸೆಂಟಿಮೀಟರ್ ಕುಗ್ಗಿದ್ದರು. ಎಲ್ಲವನ್ನೂ ಅಳಿಸಿ ಮತ್ತೆ ಬರೆಯಬೇಕಲ್ಲ ಎಂದು ನಾನು ತಲೆಗೆ ಕೈ ಹೊತ್ತು ಕೂತಾಗ, ಎರಡನೆಯವನು ಗರಗಸ ತಂದು ಮುಂದಿಟ್ಟ. "ಬುಡದಲ್ಲಿ ಹತ್ತು ಸೆಂಟಿಮೀಟರ್ ಕತ್ತರಿಸಿಬಿಡಿ ಅಮ್ಮ. ಅಲ್ಲಿ ಯಾರ ಗುರುತೂ ಇಲ್ಲ." ಕತ್ತರಿಸಿ ಮತ್ತೆ ಕೂರಿಸಿದೆವು. ಐದನೆಯವಳು ಹಳೆಯ ಗೆರೆಗಿಂತ ಒಂದು ಸೆಂಟಿಮೀಟರ್ ಬೆಳೆದಿದ್ದಳು. ಕತ್ತರಿಸಿದ ತುಂಡನ್ನು ಬಾಗಿಲು ಬಡಿಯದಂತೆ ಸಂದಿಗೆ ಕೊಡುತ್ತಿದ್ದೇವೆ.

ದಿನ 66

ಉಳಿದ ಬಣ್ಣವನ್ನು ಎರಡು ಸಣ್ಣ ಗಾಜಿನ ಶೀಶೆಗಳಿಗೆ ತುಂಬಿ, ಮುಚ್ಚಳದ ಮೇಲೆ ಬಣ್ಣದ ಸಂಖ್ಯೆ, ತಾರೀಖು, ಯಾವ ಭಾಗ ಎಂದು ಬರೆದೆ. ಪ್ಲಾಸ್ಟಿಕ್ ಹಾಳೆಗಳನ್ನು ಒಳಮುಖವಾಗಿ ಸುತ್ತಿ ತೆಗೆದೆ. ನೆಲ ಒರೆಸಿದೆ.

ಸಂಜೆ ಐದಕ್ಕೆ, ಹಸಿರು ಭಾಗದ ಮೇಲೆ, ನೆಲದಿಂದ 60 ಸೆಂಟಿಮೀಟರ್ ಎತ್ತರದಲ್ಲಿ, ಒಂದು ಮೊಳದುದ್ದ ಕೆಂಪು ಕ್ರೇಯಾನ್ ಗೀಟು. ಮುಟ್ಟಿದರೆ ಒಣಗಿದಂತೆ ಕಂಡರೂ ಬಣ್ಣ ಉಜ್ಜಿ ತೊಳೆಯುವಷ್ಟು ಗಟ್ಟಿಯಾಗಲು ನಾಲ್ಕು ವಾರ ಬೇಕು. ಈಗ ಒರೆಸಲು ಹೋದರೆ ಹೊಳಪೂ ಜೊತೆಗೆ ಹೋಗುತ್ತದೆ. ಹಸಿರು ಶೀಶೆಯ ಮುಚ್ಚಳದ ಮೇಲೆ ಇನ್ನೊಂದು ಸಾಲು ಸೇರಿಸಿದೆ: "ಕೆಂಪು ಗೀಟು, ದಿನ 90ಕ್ಕೆ ಒರೆಸುವುದು."